ಸದರಿ ಸ್ಥಳ

ಇಪ್ಪತ್ತೆರಡು ವರ್ಷ ಸರ್ವೆಯರ್ ಕೆಲಸ ಮಾಡಿದವನು ನಾನು. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಹೊಲಗದ್ದೆಗಳ ಮೇಲೆ ಸರಪಳಿ ಎಳೆದಿದ್ದೇನೆ. ನಾನು ನೆಡಿಸಿದ ಗಡಿಕಲ್ಲನ್ನು ಅಣ್ಣತಮ್ಮಂದಿರು ಜಗಳವಾಡಿ ಕಿತ್ತು ಬಾವಿಗೆ ಹಾಕಿರಬಹುದು. ಆದರೆ ಅದು ತಪ್ಪು ಜಾಗದಲ್ಲಿತ್ತು ಎಂದು ಯಾವ ಕೋರ್ಟೂ ಹೇಳಿದ್ದಿಲ್ಲ. ಹೀಗಾಗಿ ಭೂಮಿಯ ಮೇಲೆ ಯಾವುದು ಎಲ್ಲಿದೆ ಎಂಬ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿತ್ತು. ಸ್ವಲ್ಪ ಏನು ಬಂತು, ಬೇಕಾದಷ್ಟಿತ್ತು!

ನಮ್ಮೂರು ಶಿರಾಳಕೊಪ್ಪಕ್ಕೂ ಸೊರಬಕ್ಕೂ ನಡುವೆ ಎಲ್ಲೋ ಇದೆ ಎಂದಿಟ್ಟುಕೊಳ್ಳಿ. ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮ ಪೊಲೀಸ್ ಠಾಣೆಯವರಿಗೆ ಬೇಜಾರಾದೀತು. ಅದೂ ಅಲ್ಲದೆ, ನನ್ನನ್ನು ಮರೆತ ನಾಲ್ಕು ಜನಕ್ಕೆ ಮತ್ತೆ ನೆನಪಾದೀತು.

ತೊಂಬತ್ತರ ದಶಕದ ನಡುವಿನ ಮಾತು. ಒಂದು ಬೆಳಿಗ್ಗೆ ಪೇದೆ ಹನುಮಂತಪ್ಪ ನಮ್ಮ ಬಾಗಿಲಿಗೆ ಬಂದು, "ಹೊಸ ಎಸ್‌ಐ ಸಾಹೇಬ್ರು ಕರೀತಾರೆ, ಠಾಣೆಗೆ ಬರ್ಬೇಕಂತ್ರೀ" ಎಂದ. ನನ್ನ ಹೆಂಡತಿ ಸರೋಜ ಒಗ್ಗರಣೆ ಬಿಟ್ಟು ಓಡಿ ಬಂದಳು.

"ಏನ್ ಮಾಡಿದ್ರೀ?"

"ಏನೂ ಮಾಡಿಲ್ಲ ಮಾರಾಯ್ತಿ."

"ಏನೂ ಮಾಡದೋರನ್ನ ಠಾಣೆಗೆ ಯಾಕ್ ಕರೀತಾರೆ? ಯಾರ್ದಾದ್ರೂ ಹೊಲ ಇನ್ಯಾರಿಗಾದ್ರೂ ಅಳೆದುಕೊಟ್ರಾ?"

ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ನನ್ನ ಮೇಲೆ ಆಕೆಗಿದ್ದ ನಂಬಿಕೆ ಇಷ್ಟು! ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೆ.

ಎಸ್‌ಐ ಸಾಹೇಬರು ಇನ್ನೂ ಚಿಕ್ಕ ವಯಸ್ಸಿನವರು, ಮೈಸೂರು ಕಡೆಯವರು. ಕುರ್ಚಿ ಹಾಕಿಸಿ ಕೂರಿಸಿದರು. ಅಷ್ಟಕ್ಕೇ ನಾನು ಅರ್ಧ ಕರಗಿದ್ದೆ.

"ಸರ್ವೆಯರ್ ಸಾಹೇಬ್ರೆ, ಪೊಲೀಸರು ಇದುವರೆಗೆ ಏನು ಮಾಡ್ತಾ ಬಂದಿದ್ದಾರೆ ಹೇಳಿ? ಕಳುವಾದ ಮೇಲೆ ಓಡೋದು. ಆಕ್ಸಿಡೆಂಟ್ ಆದ ಮೇಲೆ ಓಡೋದು. ಆಗೋಕೆ ಮುಂಚೆನೇ ಅಲ್ಲಿ ಹೋಗಿ ನಿಂತ್ಕೊಂಡ್ರೆ?"

"ಎಲ್ಲಿ ನಿಲ್ಲಬೇಕು ಅಂತ ಹೇಗೆ ಗೊತ್ತಾಗ್ತದೆ ಸಾರ್?"

"ಲೆಕ್ಕ ಹೇಳ್ತದೆ! ಹಿಂದೆ ಎಲ್ಲೆಲ್ಲಿ ಆಗಿದೆಯೋ ಅದನ್ನ ಮ್ಯಾಪ್ ಮೇಲೆ ಗುರುತು ಹಾಕೋದು. ಎಲ್ಲಿ ಗುರುತು ಜಾಸ್ತಿಯೋ ಅಲ್ಲಿ ನಾವು. ಹೊರದೇಶದಲ್ಲಿ ದೊಡ್ಡ ದೊಡ್ಡ ಊರುಗಳಲ್ಲಿ ಹೀಗೇ ಮಾಡ್ತಾರಂತೆ. ಜೀವ ಉಳೀತವೆ ರೀ!"

ಅವರ ಕಣ್ಣಲ್ಲಿ ನಿಜವಾದ ಆಸೆಯಿತ್ತು. ಆ ಮಾತು ಇವತ್ತಿಗೂ ಸರಿ ಎಂದೇ ನಾನು ನಂಬಿದ್ದೇನೆ. ಅದನ್ನು ಯಾರ ಕೈಗೆ ಕೊಟ್ಟರು ಎಂಬುದು ಮಾತ್ರ ಸರಿಯಿರಲಿಲ್ಲ.

ಠಾಣೆಯ ರೈಟರ್, ಎಂದರೆ ಬರವಣಿಗೆಯೆಲ್ಲ ನೋಡಿಕೊಳ್ಳುವ ನಾಗಪ್ಪ, ಎರಡು ವರ್ಷದ ಎರಡು ರಿಜಿಸ್ಟರ್ ತಂದು ನನ್ನ ಮುಂದೆ ಇಟ್ಟ. ಒಂದು ಅಪಘಾತದ್ದು, ಒಂದು ಕಳವಿನದು. ರಸ್ತೆ ಇಲಾಖೆಯವರು ಈ ಸಲ ಗಾಡಿಗಳ ವೇಗ ತಗ್ಗಿಸಲು ರಸ್ತೆಗೆ ಅಡ್ಡಲಾಗಿ ಎರಡು ಹಂಪು ಹಾಕಿಕೊಡಲು ಒಪ್ಪಿದ್ದಾರೆ, ಎಲ್ಲಿ ಎಂದು ನಕಾಶೆ ನೋಡಿ ಹೇಳುತ್ತೇವೆ ಎಂದರು ಸಾಹೇಬರು. ನಾನು ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ.

ಸುತ್ತಲಿನ ಹಳ್ಳಿಗಳ ನಕಾಶೆಗಳನ್ನೆಲ್ಲ ಮೈದಾ ಅಂಟಿನಿಂದ ಜೋಡಿಸಿ, ರಟ್ಟಿಗೆ ಅಂಟಿಸಿ, ನಡುಮನೆಯ ಗೋಡೆಗೆ ಹೊಡೆದೆ. ಬಾಗಿಲಿನಷ್ಟು ದೊಡ್ಡದಾಯಿತು. ಗುರುತಿಗೆ ಗುಂಡುಸೂಜಿ ಚುಚ್ಚಿ ನೋಡಿದೆ. ರಟ್ಟಿನ ಹಿಂದೆ ಗೋಡೆಯ ಗಾರೆ ಉದುರಿತು. ಕಡೆಗೆ ಸರೋಜಳ ಕನ್ನಡಿಯ ಹತ್ತಿರವಿದ್ದ ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ಟುಗಳು ಕಣ್ಣಿಗೆ ಬಿದ್ದವು. ಅಂಟು ತಯಾರಾಗಿಯೇ ಇದೆ! ಕೆಂಪು ಬೊಟ್ಟು ಅಪಘಾತಕ್ಕೆ, ಹಸಿರು ಬೊಟ್ಟು ಕಳವಿಗೆ ಎಂದು ನಿಶ್ಚಯಿಸಿದೆ.

"ನನ್ನ ಹಣೆಗಿಡೋದನ್ನ ಸತ್ತೋರ ಲೆಕ್ಕಕ್ಕೆ ಹಚ್ತೀರಾ? ಬಿಡ್ತು ಅನ್ರಿ!" ಎಂದು ಸರೋಜ ಕೂಗಿದಳು.

ಬಿಡ್ತು ಎಂದೆ. ಹಚ್ಚುವುದನ್ನು ಬಿಡಲಿಲ್ಲ.

ಅಪಘಾತದ ರಿಜಿಸ್ಟರ್ ತೆರೆದೆ. ಮೊದಲನೇ ಸಾಲು: ಆಟೋ ಡಿಕ್ಕಿಯಾಗಿ ಮೇಕೆ ಒಂದು ಮೃತ. ಸ್ಥಳ: ಠಾಣೆಯ ಮುಂಭಾಗದ ರಸ್ತೆ. ಎರಡನೇ ಸಾಲು: ಲಾರಿ ಡಿಕ್ಕಿಯಾಗಿ ಸೈಕಲ್ ಸವಾರ ಮೃತ. ಸ್ಥಳ: ಸದರಿ. ಮೂರನೇ ಸಾಲು: ಬಸ್ಸು, ಎತ್ತಿನಗಾಡಿ. ಸ್ಥಳ: ಸದರಿ. ಪುಟ ತಿರುಗಿಸಿದರೆ ಸದರಿ, ಸದರಿ, ಸದರಿ!

ಕಂದಾಯದ ಕಾಗದ ಬರೆದು ಬೆರಳು ಸವೆಸಿಕೊಂಡವನಿಗೆ ಸದರಿ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲೆ ಹೇಳಿದ್ದೇ ಸದರಿ. ಮೇಲಿನ ಸಾಲಿನಲ್ಲಿ ಸರ್ವೆ ನಂಬರ್ ನಲವತ್ತು ಎಂದಿದ್ದರೆ ಕೆಳಗಿನ ಸದರಿಯೂ ನಲವತ್ತೇ. ಆದ್ದರಿಂದ ಬೊಟ್ಟುಗಳನ್ನೆಲ್ಲ ಠಾಣೆಯ ಮುಂದೆ ಹಚ್ಚುತ್ತಾ ಹೋದೆ. ಜಾಗ ಸಾಲದೆ ಒಂದರ ಮೇಲೊಂದು ಹಚ್ಚಿದೆ.

"ಠಾಣೆ ಮುಂದೆ ಇಷ್ಟು ಜನ ಸತ್ತಿದ್ರೆ ನಮ್ಗೆ ಗೊತ್ತಾಗ್ತಿರ್ಲಿಲ್ವೇನ್ರೀ?" ಎಂದಳು ಸರೋಜ.

"ದಾಖಲೆ ಸುಳ್ಳು ಹೇಳಲ್ಲ."

ಕಳವಿನ ರಿಜಿಸ್ಟರ್ ಇನ್ನೂ ಚೆನ್ನಾಗಿತ್ತು. ಅದರ ಮೊದಲನೇ ಸಾಲೇ ನಾನು! ಎರಡು ವರ್ಷದ ಹಿಂದೆ ಹಾಡುಹಗಲೇ ನಮ್ಮ ಹಿತ್ತಿಲಿನಿಂದ ತಾಮ್ರದ ಹಂಡೆ ಕಳುವಾಗಿ ನಾನು ದೂರು ಕೊಟ್ಟಿದ್ದೆ. ಸ್ಥಳ: ಸರ್ವೆಯರ್ ಬಸವರಾಜಪ್ಪನವರ ಹಿತ್ತಿಲು. ಅದರ ಕೆಳಗೆ ಸೈಕಲ್ಲು, ಪಂಪ್‌ಸೆಟ್ಟು, ಸಂತೆಯ ಜೇಬುಗಳ್ಳತನ, ಒಂದು ಎಮ್ಮೆ. ಎಲ್ಲದಕ್ಕೂ ಸದರಿ.

"ನಮ್ ಹಿತ್ಲಲ್ಲಿ ಎಮ್ಮೆ ಯಾವಾಗ ಕಳುವಾಯ್ತ್ರೀ? ನಮ್ಮನೇಲಿ ಎಮ್ಮೆನೇ ಇರ್ಲಿಲ್ಲ!"

"ಹಿತ್ತಿಲ ಮೇಲೆ ಹಾಯಿಸ್ಕೊಂಡು ಹೋಗಿರ್ಬೇಕು."

"ಜೇಬು ಕತ್ತರಿಸಿದ್ದು?"

"ಕಳ್ಳರು ಒಳದಾರಿ ಹಿಡೀತಾರೆ ಕಣೇ. ನಿನಗೆ ಇದೆಲ್ಲ ಗೊತ್ತಾಗಲ್ಲ."

ಸರೋಜ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋಗಿ ಹಿತ್ತಿಲ ಬಾಗಿಲು ಹಾಕಿಕೊಂಡು ಬಂದಳು. ಆ ದಿನ ನಾನು ಎದ್ದು ಠಾಣೆಗೆ ಹೋಗಿ ನಾಗಪ್ಪನನ್ನು ಒಂದು ಮಾತು ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಸದರಿ ಎಂದರೇನು ಎಂದು ಸರ್ವೆಯರ್ ಆದವನು ಇನ್ನೊಬ್ಬರನ್ನು ಕೇಳುವುದೇ! ಮರ್ಯಾದೆ ಪ್ರಶ್ನೆ.

ಮರುದಿನ ಪಕ್ಕದ ಮನೆಯ ಗಿರಿಜಮ್ಮ ನಕಾಶೆ ನೋಡಲು ಬಂದಳು. ಊರಾಚೆ ರಸ್ತೆಯ ತಿರುವಿನಲ್ಲಿ ಆಕೆಯದೊಂದು ಹಿಟ್ಟಿನ ಗಿರಣಿ. ಮೊದಲು ಗಂಡ ಮಲ್ಲೇಶಪ್ಪ ನಡೆಸುತ್ತಿದ್ದ. ಎರಡು ವರ್ಷದ ಹಿಂದೆ ಅದೇ ತಿರುವಿನಲ್ಲಿ ಲಾರಿಯೊಂದು ಅವನ ಸೈಕಲ್ಲಿಗೆ ಹೊಡೆದು, ಅವನು ಅಲ್ಲೇ ತೀರಿಹೋದ. ಮಗಳು ರೇಖಾ ಶಿರಾಳಕೊಪ್ಪದಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ಗಿರಿಜಮ್ಮ ನನ್ನನ್ನು ಅಣ್ಣ ಎಂದೇ ಕರೆಯುತ್ತಿದ್ದಳು.

"ಇದ್ರಾಗೆ ನಮ್ಮನೆಯೋರ್ದು ಯಾವ್ದು ಅಣ್ಣಾರೆ?"

ನಾನು ಬೆರಳಿಟ್ಟು ತೋರಿಸಿದೆ. ಮೇಕೆಯ ಬೊಟ್ಟಿನ ಪಕ್ಕದ್ದು.

"ಇದು ಠಾಣೆ ಅಲ್ವಾ? ಅವ್ರು ಹೋಗಿದ್ದು ನಮ್ಮ ಗಿರಣಿ ತಿರುವಿನಾಗೆ. ನಾನೇ ಓಡಿ ಹೋಗಿ ತಲೆ ಎತ್ತಿ ತೊಡೆ ಮೇಲಿಟ್ಕೊಂಡಿದ್ದೆ."

"ದಾಖಲೇಲಿ ಸದರಿ ಅಂತಿದೆ ಗಿರಿಜಮ್ಮ."

"ಸದರಿ ಅಂದ್ರೆ ಯಾವ ಊರು?"

ನಾನು ನಕ್ಕೆ. ನಿಜ ಹೇಳುತ್ತೇನೆ, ನಕ್ಕೆ. ಆಕೆ ನಗಲಿಲ್ಲ.

"ಅವ್ರೊಬ್ರೇ ಅಲ್ಲ ಅಣ್ಣಾರೆ, ಆ ತಿರುವಿನಾಗೆ ಇನ್ನೂ ಹೋಗ್ಯಾರೆ. ಮಕ್ಳು ಡಬ್ಬಿ ಹಿಡ್ಕೊಂಡು ಗಿರಣಿಗೆ ದಾಟ್ತವೆ. ನಮ್ಮ ರೇಖಾ ದಿನಾ ಅಲ್ಲೇ ಬಸ್ ಇಳೀತಾಳೆ. ಹನುಮಂತಪ್ಪ ಸಂತೆ ದಿನ ಬಂದು ನಿಂತು ಕೈ ಅಡ್ಡ ಹಿಡೀತಾನೆ, ಮಜ್ಜಿಗೆ ಕೊಡ್ತೀನಿ. ಅದೊಂದೇ ಧೈರ್ಯ. ಒಂದು ಹಂಪು ಅಲ್ಲಿಗೆ ಹಾಕ್ಸಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅದಕ್ಕೆ ನಾನು ಏನೆಂದೆ ಗೊತ್ತೇ? ಇಪ್ಪತ್ತೆರಡು ವರ್ಷ ಗಡಿಕಲ್ಲಿನ ಹತ್ತಿರ ನಿಂತು ಅತ್ತವರಿಗೆಲ್ಲ ಹೇಳಿದ ಮಾತನ್ನೇ ಹೇಳಿದೆ.

"ಇದು ದಾಖಲೆ ಗಿರಿಜಮ್ಮ. ಬಾಯಿಮಾತಿಗೆ ಸರಿಸೋಕಾಗಲ್ಲ. ಏನಾದ್ರೂ ಕಾಗದ ಇದ್ರೆ ತನ್ನಿ."

ಆಕೆ ಎದ್ದು ಹೋದಳು. ಸ್ವಲ್ಪ ಹೊತ್ತಿನಲ್ಲಿ ತಿರುಗಿ ಬಂದಳು. ಕೈಯಲ್ಲಿದ್ದದ್ದು ಕಾಗದವಲ್ಲ, ಬೊಟ್ಟಿನ ಪ್ಯಾಕೆಟ್ಟು. ಇನ್ನೂ ಒಡೆದಿರಲಿಲ್ಲ.

"ಕಾಗದ ಇಲ್ಲ ಅಣ್ಣಾರೆ. ಅವ್ರು ಹೋಗೋ ವಾರ ಸಂತೆಯಿಂದ ಇದನ್ನ ತಂದಿದ್ರು. ನಂಗಂತೂ ಬೇಡ. ಅವ್ರದ್ದೊಂದು ಇದರಿಂದ ಹಚ್ಚಿ."

ಸರೋಜ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಪ್ಯಾಕೆಟ್ ಒಡೆದು, ಒಂದು ಕೆಂಪು ಬೊಟ್ಟು ತೆಗೆದು, ಬಹಳ ಗೌರವದಿಂದ ಠಾಣೆಯ ಮುಂದೆಯೇ ಹಚ್ಚಿದೆ. ಗಿರಣಿ ತಿರುವು ಬೋಳಾಗಿಯೇ ಉಳಿಯಿತು.

ನಕಾಶೆಯನ್ನು ಗೋಡೆಯಿಂದ ಕಳಚಿ ಠಾಣೆಗೆ ಹೊತ್ತೊಯ್ದೆ. ಎಸ್‌ಐ ಸಾಹೇಬರು ಅದನ್ನು ನೋಡಿ ಮೊದಲು ಗಾಬರಿಯಾದರು.

"ನಮ್ಮ ಠಾಣೆ ಮುಂದೇನಾ!"

ನಾನು ಮನೆಯಲ್ಲಿ ಕೂತು ಹೊಸೆದಿದ್ದ ಸಿದ್ಧಾಂತ ಮಂಡಿಸಿದೆ. "ಡ್ರೈವರಿಗೆ ಲೈಸೆನ್ಸ್ ಇರಲ್ಲ ಸಾರ್. ಠಾಣೆ ಕಂಡ ಕೂಡ್ಲೇ ಎದೆ ಡವಡವ ಅಂತದೆ. ಬ್ರೇಕ್ ಅನ್ಕೊಂಡು ಆಕ್ಸಿಲೇಟರ್ ತುಳೀತಾನೆ."

"ಭಲೇ!" ಎಂದರು ಸಾಹೇಬರು. ನಾಗಪ್ಪ ಮೂಲೆಯಲ್ಲಿ ಕಾರ್ಬನ್ ಹಾಳೆ ಜೋಡಿಸುತ್ತಿದ್ದವನು ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ತಲೆ ತಗ್ಗಿಸಿದ.

ಹೀಗೆ ನನ್ನ ಲೆಕ್ಕದ ಪ್ರಕಾರ ಎರಡೂ ಹಂಪುಗಳು ಠಾಣೆಯ ಮುಂದೆ ಬಂದವು. ಗೇಟಿನ ಆಚೆಗೊಂದು, ಈಚೆಗೊಂದು. ಕಳವು ತಡೆಯಲು ನನ್ನ ಹಿತ್ತಿಲಿಗೆ ಹಗಲು ಕಾವಲು ಹಾಕಬೇಕಾಯಿತು. ಜನ ಸಾಲದ್ದಕ್ಕೆ, ಬೊಟ್ಟಿಲ್ಲದ ಜಾಗದಲ್ಲಿ ಸುಮ್ಮನೆ ನಿಲ್ಲುತ್ತಿದ್ದವನನ್ನು ಎತ್ತಿ ಅಲ್ಲಿಗೆ ಹಾಕಿದರು. ಅವನೇ ಹನುಮಂತಪ್ಪ.

ಅಂದಿನಿಂದ ಹನುಮಂತಪ್ಪ ನಮ್ಮ ಜಗಲಿಯ ಮೇಲೆ ಠಿಕಾಣಿ ಹೂಡಿದ. ಬೆಳಿಗ್ಗೆ ಚಹಾ, ಹನ್ನೊಂದಕ್ಕೆ ಮಂಡಕ್ಕಿ, ಮಧ್ಯಾಹ್ನ ರೊಟ್ಟಿ. ಓಣಿಯವರು ನನ್ನನ್ನು ಕಂಡರೆ ದನಿ ತಗ್ಗಿಸತೊಡಗಿದರು. ಎದುರು ಮನೆಯ ಮುದುಕಪ್ಪನೊಬ್ಬ ಬಂದು, "ಜಾಮೀನು ಬೇಕಾದ್ರೆ ಹೇಳೋ ಬಸವರಾಜ, ಸಂಕೋಚ ಮಾಡ್ಕಬ್ಯಾಡ" ಎಂದು ಹೇಳಿಹೋದ. ಅತ್ತ ಕಳ್ಳರು ಸಂತೆಪೇಟೆಯಲ್ಲಿ ನೆಮ್ಮದಿಯಾಗಿ ಕೆಲಸ ಮಾಡಿಕೊಂಡಿದ್ದರು. ನಮ್ಮ ಹಿತ್ತಿಲಿನಲ್ಲಿ ಮಾತ್ರ ಒಂದೂ ಕಳವಾಗಲಿಲ್ಲ. ನೋಡಿದಿರಾ ನಕಾಶೆಯ ಮಹಿಮೆ ಎಂದು ನಾನು ಸರೋಜಳಿಗೆ ಹೇಳಿದೆ.

"ಕದಿಯೋಕೆ ಏನುಳಿದದೆ? ಎಲ್ಲಾ ಹನುಮಂತಪ್ಪನೇ ತಿಂದ" ಎಂದಳು.

ತಿಂಗಳೊಳಗೆ ಜಿಲ್ಲೆಯಿಂದ ಮೇಲಧಿಕಾರಿಯೊಬ್ಬರು ಈ ಹೊಸ ಪದ್ಧತಿ ನೋಡಲು ಬಂದರು. ಅದು ಸಂತೆಯ ದಿನ. ನಾನು ಹೊಸ ಪಂಚೆ ಉಟ್ಟು, ನಕಾಶೆ ಹೊತ್ತು ಠಾಣೆಯ ಗೇಟಿನಲ್ಲಿ ನಿಂತಿದ್ದೆ. ನಮ್ಮ ಠಾಣೆಯ ಜೀಪು ಅವರನ್ನು ಎದುರುಗೊಳ್ಳಲು ಹೋಗಿ ಅವರ ಕಾರಿನ ಮುಂದೆ ಮುಂದೆ ಬಂತು. ಎಸ್‌ಐ ಸಾಹೇಬರನ್ನು ಕೂರಿಸಿಕೊಂಡು ಮೇಲಧಿಕಾರಿಗಳಿಗೆ ದಾರಿ ತೋರಿಸುವ ಸಂಭ್ರಮದಲ್ಲಿ ಡ್ರೈವರ್ ಮೊದಲನೇ ಹಂಪು ಮರೆತ. ಧಡ್! ಎರಡನೆಯದು ನೆನಪಾಗುವಷ್ಟರಲ್ಲಿ ಅದೂ ಧಡ್! ಜೀಪಿನ ಹೊಟ್ಟೆ ಹಂಪಿಗೆ ತಾಗಿ ಎಣ್ಣೆಯೆಲ್ಲ ರಸ್ತೆಗೆ ಸುರಿಯಿತು. ಹಿಂದೆ ಬಂದ ಮೇಲಧಿಕಾರಿಗಳ ಕಾರು ಗಕ್ಕನೆ ನಿಂತು ಅವರ ಟೋಪಿ ಕಿಟಕಿಯಿಂದ ಹಾರಿ ನನ್ನ ಕಾಲ ಬುಡಕ್ಕೆ ಬಿತ್ತು. ನಾನೇ ಎತ್ತಿ ಒರೆಸಿ ಕೊಟ್ಟೆ.

ಅವರು ಟೋಪಿ ಇಟ್ಟುಕೊಂಡು, ಹಂಪು ನೋಡಿ, ನಕಾಶೆ ನೋಡಿ, ಒಂದೇ ಪ್ರಶ್ನೆ ಕೇಳಿದರು.

"ಈ ಜಾಗದಲ್ಲಿ ಇದುವರೆಗೆ ಯಾರು ಸತ್ತಿದ್ದಾರೆ?"

ಎಸ್‌ಐ ಸಾಹೇಬರು ನನ್ನ ಕಡೆ ನೋಡಿದರು. ನಾನು ನಾಗಪ್ಪನ ಕಡೆ ನೋಡಿದೆ. ನಾಗಪ್ಪ ಅಟೆನ್ಷನ್ನಿನಲ್ಲಿ ನಿಂತು ಹೇಳಿದ:

"ಒಂದು ಮೇಕೆ ಸಾರ್."

"ಮಿಕ್ಕವರೆಲ್ಲ? ರಿಜಿಸ್ಟರಲ್ಲಿ ಸದರಿ ಅಂತ ಇತ್ತಲ್ಲ!" ನಾನು ಕೂಗಿದೆ.

"ಸದರಿ ಅಂದ್ರೆ ದೂರಿನಲ್ಲಿ ಬರೆದಿರೋ ಸ್ಥಳ ರೀ. ದೂರು ಬೇರೆ ಫೈಲಾಗೈತೆ. ಕಾಲಂ ಸಣ್ಣದು, ಎಲ್ಲಿ ಬರೀಲಿ ಅಷ್ಟುದ್ದ? ಅದಕ್ಕೆ ಸದರಿ ಅಂತ ಹಾಕ್ತೀನಿ."

"ಮೊದಲೇ ಯಾಕ್ರೀ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಸರ್ವೇರಿಗೆ ಸದರಿ ಗೊತ್ತಿರಲ್ವಾ ಅನ್ಕೊಂಡೆ."

ಮೇಲಧಿಕಾರಿಗಳು ನಕ್ಕರು. ಅವರು ನಕ್ಕಿದ್ದಕ್ಕೆ ಎಲ್ಲರೂ ನಕ್ಕರು. ನಾಚಿಕೆಯಿಂದ ನಾನೂ ಹಲ್ಲು ಕಿರಿದೆ. ಆಗ ಗಿರಣಿ ಕಡೆಯಿಂದ ಸೈಕಲ್ಲಿನವನೊಬ್ಬ ಏದುಸಿರು ಬಿಡುತ್ತಾ ಬಂದು, ತಿರುವಿನಲ್ಲಿ ಲಾರಿ ಬಸ್ಸಿಳಿದ ಹುಡುಗಿಗೆ ಹೊಡೆದಿದೆ, ಗಿರಿಜಮ್ಮನ ಮಗಳು, ಬೇಗ ಗಾಡಿ ಕಳಿಸಿ ಎಂದ.

ಗಾಡಿ! ಠಾಣೆಯ ಜೀಪು ಎಣ್ಣೆ ಸುರಿಸಿಕೊಂಡು ನನ್ನ ಹಂಪಿನ ಮೇಲೆ ಕೂತಿತ್ತು. ಅದರ ಹಿಂದೆ ಅಧಿಕಾರಿಗಳ ಕಾರು ಮುಂದೆ ಬರಲಾಗದೆ ಸಿಕ್ಕಿಕೊಂಡಿತ್ತು. ಅದನ್ನು ಹಿಂದಕ್ಕೆ ತೆಗೆದು ತಿರುಗಿಸಲು ಸಂತೆಯ ಜನ, ಗಾಡಿಗಳು. ನಾನು ಓಡಿದೆ. ಪಂಚೆ ಎತ್ತಿಕಟ್ಟಿಕೊಂಡು ಓಡುವಾಗ ನಮ್ಮ ಓಣಿ ದಾಟಿದೆ. ಜಗಲಿಯ ಮೇಲೆ ಹನುಮಂತಪ್ಪ ಮಂಡಕ್ಕಿ ತಿನ್ನುತ್ತಾ ಕೂತಿದ್ದ. "ಏನಾತ್ರೀ?" ಎಂದು ಎದ್ದು ನಿಂತ. ಸಂತೆಯ ದಿನ ಆ ಹೊತ್ತಿಗೆ ಅವನು ಎಲ್ಲಿ ನಿಂತಿರಬೇಕಿತ್ತೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಓಡುತ್ತಲೇ ಹೋದೆ.

ನಾನು ತಿರುವು ಮುಟ್ಟುವಷ್ಟರಲ್ಲಿ ಯಾರೋ ಟ್ರ್ಯಾಕ್ಟರ್ ತಂದಿದ್ದರು. ಗಿರಿಜಮ್ಮ ಟ್ರೇಲರಿನಲ್ಲಿ ಕೂತಿದ್ದಳು. ಮಗಳ ತಲೆ ತೊಡೆಯ ಮೇಲಿತ್ತು. ಮೈತುಂಬ ಹಿಟ್ಟು. ನನ್ನನ್ನೊಮ್ಮೆ ನೋಡಿ ಮತ್ತೆ ಮಗಳ ಕಡೆ ಬಗ್ಗಿದಳು.

ರೇಖಾ ಉಳಿದಳು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಎಡಗಾಲಿಗೆ ರಾಡು ಹಾಕಿದರು. ಪರೀಕ್ಷೆ ತಪ್ಪಿತು, ಒಂದು ವರ್ಷ ಹೋಯಿತು, ಕಾಲು ಮಾತ್ರ ಸರಿಹೋಗಲಿಲ್ಲ. ಇವತ್ತಿಗೂ ಎಳೆದು ಹಾಕುತ್ತಾಳೆ. ಅವಳು ನಡೆದು ಬರುವ ಸದ್ದು ಕೇಳಿದರೆ ನಾನು ಒಳಗೆ ಹೋಗುತ್ತೇನೆ. ಹೇಡಿತನ ಎನ್ನುತ್ತೀರಾ? ಹೌದು.

ನಾಗಪ್ಪ ಆ ಅಪಘಾತ ಬರೆಯುವಾಗ ನಾನು ಅವನ ಹೆಗಲ ಹಿಂದೆಯೇ ನಿಂತಿದ್ದೆ.

"ನಾಗಪ್ಪನೋರೆ, ದಮ್ಮಯ್ಯ, ಗಿರಣಿ ತಿರುವು ಅಂತ ಬರೀರಿ."

"ಕಾಲಂ ಸಣ್ಣದೈತ್ರೀ" ಎಂದು ಅವನು ಸದರಿ ಎಂದೇ ಬರೆದ.

ಎಸ್‌ಐ ಸಾಹೇಬರು ಸೋಲಲಿಲ್ಲ. ಹಳೆಯ ದೂರಿನ ಫೈಲುಗಳನ್ನೆಲ್ಲ ತೆಗೆಸಿ, ನಮ್ಮ ನಡುಮನೆಗೇ ತಂದು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಓದಿದರು. ನಾನು ಬೊಟ್ಟುಗಳನ್ನು ಕಿತ್ತು ಸರಿಯಾದ ಜಾಗಕ್ಕೆ ಹಚ್ಚಿದೆ. ಗಿರಣಿ ತಿರುವು ಕೆಂಪಾಯಿತು. ಬೇರೆಲ್ಲೂ ಅಷ್ಟು ಬೊಟ್ಟಿರಲಿಲ್ಲ. ಮಲ್ಲೇಶಪ್ಪನ ಬೊಟ್ಟಿನ ಅಂಟು ಹೋಗಿತ್ತು, ಹಚ್ಚಿದಷ್ಟೂ ಬಿದ್ದುಹೋಗುತ್ತಿತ್ತು. ಕಡೆಗೆ ಸರೋಜ ಒಂದು ಅನ್ನದ ಅಗುಳು ತಂದುಕೊಟ್ಟಳು.

"ಮ್ಯಾಪ್ ಸುಳ್ಳು ಹೇಳ್ಲಿಲ್ಲ ರೀ. ನಾವು ಓದೋಕೆ ಬರದೋರು" ಎಂದರು ಸಾಹೇಬರು. 'ನಾವು' ಎಂದದ್ದು ಅವರ ದೊಡ್ಡತನ.

ಹನುಮಂತಪ್ಪನನ್ನು ತಿರುವಿಗೆ ಕಳಿಸಿದರು. ಅಲ್ಲಿಗೆ ಹಂಪು ಬೇಕೆಂದು ರಸ್ತೆಯವರಿಗೆ ಪತ್ರ ಬರೆದರು. ಆರು ತಿಂಗಳ ಮೇಲೆ ಉತ್ತರ ಬಂತು. ಅಷ್ಟರಲ್ಲಿ ಸಾಹೇಬರಿಗೆ ವರ್ಗವಾಗಿತ್ತು, ಹಾಗಾಗಿ ನಾಗಪ್ಪ ಅದನ್ನು ನನಗೇ ತೋರಿಸಿದ. 'ಸದರಿ ಠಾಣಾ ವ್ಯಾಪ್ತಿಗೆ ಮಂಜೂರಾದ ಎರಡೂ ಹಂಪುಗಳನ್ನು ಸದರಿಯವರು ಸೂಚಿಸಿದ ಸದರಿ ಸ್ಥಳದಲ್ಲಿ ಈಗಾಗಲೇ ನಿರ್ಮಿಸಲಾಗಿರುತ್ತದೆ.' ಒಂದೇ ಸಾಲಿನಲ್ಲಿ ಮೂರು ಸದರಿ! ನಾನು ಮೂರೂ ಸಲ ಅರ್ಥ ಮಾಡಿಕೊಂಡೆ.

ಗಿರಿಜಮ್ಮ ನಮ್ಮ ಮನೆಯ ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದಳು. ಸರೋಜ ಗೋಧಿ ಡಬ್ಬಿಯನ್ನು ತಾನೇ ಒಯ್ದು ಬೀಸಿಸಿಕೊಂಡು ಬರುತ್ತಿದ್ದಳು. ಒಂದು ದಿನ ಅವಳಿಗೆ ಜ್ವರ ಬಂದು ನಾನೇ ಹೋಗಬೇಕಾಯಿತು. ಗಿರಣಿಯಲ್ಲಿ ಡಬ್ಬಿಗಳು ಸಾಲಾಗಿದ್ದವು. ಬೆರಕೆಯಾಗದಿರಲೆಂದು ಗಿರಿಜಮ್ಮ ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ಹೆಸರು ಬರೆಯುತ್ತಿದ್ದಳು. ನನ್ನ ಮುಂದಿನ ಡಬ್ಬಿಯ ಮೇಲೆ 'ಹಾಲಪ್ಪ' ಎಂದಿತ್ತು. ನನ್ನದನ್ನು ತೆಗೆದುಕೊಂಡು, ತಲೆ ಎತ್ತದೆ ಬರೆದು, ಸಾಲಿನಲ್ಲಿಟ್ಟಳು. ಓದಿದೆ. 'ಸದರಿ' ಎಂದಿತ್ತು.

"ಗಿರಿಜಮ್ಮ, ಇದು ನಮ್ಮ ಡಬ್ಬಿ ಕಣಮ್ಮ. ಹಾಲಪ್ಪಂದಲ್ಲ. ನಮ್ಮ ಹಿಟ್ಟು ಅವನ ಮನೆಗೆ ಹೋಗ್ತದೆ" ಎಂದೆ.

ಆಕೆ ಗಿರಣಿಯ ಪಟ್ಟಿಗೆ ಕೈ ಹಾಕುತ್ತಾ, ಹಿಂದೆಲ್ಲ ಅಣ್ಣಾರೆ ಎನ್ನುತ್ತಿದ್ದ ಅದೇ ದನಿಯಲ್ಲಿ ಹೇಳಿದಳು:

"ದಾಖಲೇಲಿ ಹಂಗೈತೆ ಸರ್ವೇರ್ ಸಾಹೇಬ್ರೆ. ಬಾಯಿಮಾತಿಗೆ ಸರಿಸೋಕಾಗಲ್ಲ. ಏನಾದ್ರೂ ಕಾಗದ ಇದ್ರೆ ತನ್ನಿ."

ಖಾಲಿ ಕೈಯಲ್ಲಿ ಮನೆಗೆ ಬಂದೆ. ಆ ವಾರ ನಮ್ಮ ಗೋಧಿಹಿಟ್ಟನ್ನು ಹಾಲಪ್ಪನ ಮನೆಯವರು ತಿಂದರು.